ಕನ್ಯಾ ನೋಡಾಕ ಬಂದ ಇಂಗ್ಲಿಷು

“ಇವತ್ತೊಂದಿನ ಬಾಯಿಗಿ ಬೀಗ ಹಾಕ್ಕೊಂಡು ಕುಂದ್ರ, ನಿನ್ನ ಕಾಲಿಗಿ ಬೀಳ್ತೀನಿ,” ಅಂದ್ಲು ನಮ್ಮವ್ವ, ನನ್ನ ತಲಿಗೆ ಮಲ್ಲಿಗಿ ಮುಡಿಸ್ಕೋತ. ರೋಣದಾಗಿನ ನಮ್ಮ ಮನಿಗೆ ನರಗುಂದದಿಂದ ಕನ್ಯಾ ನೋಡಾಕ ಬರೋರಿದ್ರು. ಹಿಂದಿನ ಸಲ ಬಂದಿದ್ದ ಗಜೇಂದ್ರಗಡದವರು, “ಹುಡುಗಿ ಚಲೋ ಅದಾಳ್ರಿ, ಬಾಯಿ ಜರಾ ಜೋರು” ಅಂತ ಫೋನಿನ್ಯಾಗ ಹೇಳಿ ಕೈ ತೊಳಕೊಂಡಿದ್ರು. ಜೋರಂತ! ಹುಡುಗ ಏನ್ ಓದ್ಯಾನ ಅಂತ ಕೇಳಿದ್ದಷ್ಟ ನಾನು.

ಈ ಸಲ ನಾನೂ ಖರೇನ ಸುಮ್ಮನ ಕುಂದ್ರಬೇಕಂತ ಇದ್ದೆ. ಯಾಕಂದ್ರ ಈ ಹುಡುಗ ಬಾಗಿಲದಾಗ ತನ್ನ ಚಪ್ಪಲಿ ಬಿಡಬೇಕಾದ್ರ, ಬೋರಲು ಬಿದ್ದಿದ್ದ ನಮ್ಮಜ್ಜಿ ಚಪ್ಪಲಿನೂ ಎತ್ತಿ ನೆಟ್ಟಗ ಜೋಡಿಸಿಟ್ಟ. ಅಡಗಿಮನಿ ಪರದೆ ಸಂದಿಯಿಂದ ನೋಡಿದೆ. ಅಷ್ಟಕ್ಕ ಮನಸು ಜಾರಿಬಿಡ್ತು. ಆಗೋದಾದ್ರ ಇವನ ಆಗ್ಲಿ ಅಂತ ದೇವರಿಗಿ ಕೈ ಮುಗದೆ.

ಗಂಟು ಬಿದ್ದವರು ಹುಡುಗನ ದೊಡ್ಡಪ್ಪ, ಇಂಗ್ಲಿಷ್ ಮಾಸ್ತರಾಗಿ ರಿಟಾಯರ್ ಆದವರು. ಅವಲಕ್ಕಿ ತಾಟು ಕೈಯಾಗ ಹಿಡಕೊಂಡು, “ಇಂಗ್ಲಿಷಿನ್ಯಾಗ ಬಿ.ಎ. ಮಾಡಿಯಂತಲ್ಲವಾ? ‘ಪೀಸ್ ಆಫ್ ಕೇಕ್’ ಅಂದ್ರೇನು ಹೇಳು ನೋಡೂಣು,” ಅಂದ್ರು.

“ನೀರು ಕುಡದಷ್ಟ ಸಲೀಸ್ರಿ.” ತಲಿ ಬಗ್ಗಿಸೇ ಹೇಳಿದೆ.

“‘ಒನ್ಸ್ ಇನ್ ಎ ಬ್ಲೂ ಮೂನ್’?”

“ಹುಣ್ಣಿವಿಗೊಮ್ಮೆ ಅಮಾಸಿಗೊಮ್ಮೆ ಅಂತೀವಲ್ರಿ, ಹಂಗ. ಇಂಗ್ಲಿಷರ ಚಂದ್ರಾಮ ನೀಲಿ ಇರ್ತಾನ, ಅಷ್ಟ.”

“ಯವ್ವಾ! ಚಂದ್ರಾಮಗ ನೀಲಿ ಹಾಕಿ ಒಗದವರ್ಯಾರ?” ಮೂಲ್ಯಾಗ ಕುಂತಿದ್ದ ಅಜ್ಜಿ ಕೇಳಿದ್ಲು. ಹುಡುಗ ಫಕ್ಕನ ನಕ್ಕ. ಕುಡಿಯೋ ಚಹಾ ನೆತ್ತಿಗೇರ್ತು.

“‘ಆಡ್ ಫ್ಯೂಯಲ್ ಟು ದ ಫೈರ್’?”

“ಉರಿಯೋ ಬೆಂಕಿಗಿ ತುಪ್ಪ ಸುರಿಯೋದ್ರಿ! ಅವರು ಬರೇ ಕಟಗಿ ಹಾಕ್ತಾರ, ನಾವು ತುಪ್ಪಾನ ಸುರೀತೀವಿ. ಜಗಳದಾಗೂ ನಮ್ಮ ಕೈ ದೊಡ್ಡದ್ರಿ!”

ತಲಿ ಯಾವಾಗ ಎತ್ತಿದ್ನೋ, ಬೀಗ ಯಾವಾಗ ಕಳಚಿತೋ ಗೊತ್ತಿಲ್ಲ. ಕಾಲೇಜಿನ್ಯಾಗ ಬಾಯಿಪಾಠ ಮಾಡಬೇಕಾದ್ರ ಒಣಾ ರೊಟ್ಟಿಯಂಗಿದ್ದ ಮಾತು ಇವು. ಆವತ್ತು ನಮ್ಮ ಪಡಸಾಲ್ಯಾಗ ಬೀಗರಂಗ ಕಾಲು ಚಾಚಿ ಕುಂತಿದ್ವು. ನನಗ ಖುಷಿ ತಡಕೊಳ್ಳಾಕ ಆಗವಲ್ತು.

“‘ಕಿಕ್ ದ ಬಕೆಟ್’?”

“ಗೊಟಕ್ ಅನ್ನೋದ್ರಿ!”

ಅಂದ ಮ್ಯಾಲೆ ಹೊಳೀತು: ‘ತೀರಿಕೊಳ್ಳೋದು’ ಅನ್ನಬಹುದಿತ್ತು. ಶುಭಕಾರ್ಯಕ್ಕ ಬಂದ ಹಿರೇರ ಮುಂದ, ಗೊಟಕ್! ಅವ್ವ ಹಣಿ ಹಣಿ ಬಡಕೊಂಡ್ಲು. ದೊಡ್ಡಪ್ಪ ತಾಟು ಕೆಳಗಿಟ್ಟು ಎದ್ದು, “ಊರಿಗಿ ಹೋಗಿ ತಿಳಸ್ತೀವ್ರಿ,” ಅಂದ್ರು. ಕನ್ಯಾ ನೋಡಾಕ ಬಂದವರು ಈ ಮಾತಂದ್ರ ಅದಕ್ಕ ಅರ್ಥ ಒಂದ: ಒಲ್ಲೆ. ನನಗ ಗಳಗಳ ಅಳು ಬರೋ ಹಂಗಾತು.

ಅಲ್ಲಿತನಕ ಒಂದ ಮಾತೂ ಆಡದ ಹುಡುಗ ಕುಂತಲ್ಲಿಂದ ಏಳಲಿಲ್ಲ. “ದ ಬಾಲ್ ಈಸ್ ಇನ್ ಯುವರ್ ಕೋರ್ಟ್,” ಅಂದ.

“ಏನಂತಪಾ ಅದು?” ಅಂದ್ಲು ಅಜ್ಜಿ.

ದೊಡ್ಡಪ್ಪ ರಿಟಾಯರ್ ಆದ್ರೂ ಮಾಸ್ತರಿಕಿ ಬಿಡಬೇಕಲ್ಲ! ಬಾಗಿಲದಾಗ ನಿಂತ ಗೊಣಗಿದ್ರು: “ಚೆಂಡು ನಿಮ್ಮ ಅಂಗಳದಾಗ ಐತಿ ಅಂತ. ಅಂದ್ರ, ಇವನ ಕಡಿಂದ ಒಪ್ಪಿಗಿ ಆತು. ಇನ್ನ ಹೂಂ ಅನ್ನೋದು, ಉಹೂಂ ಅನ್ನೋದು ನಿಮಗ ಬಿಟ್ಟಿದ್ದು.”

ನಮ್ಮಪ್ಪ ಗಡಬಡಿಸಿ ಕೈ ಮುಗದ. “ಅಯ್ಯ, ನಮ್ಮದೇನೈತ್ರಿ...”

“ನಿಮಗಲ್ರಿ ಮಾವಾರ. ಅವರಿಗಿ ಕೇಳಿದ್ದು,” ಅಂತ ಹುಡುಗ ನನ್ನ ಕಡೆ ನೋಡಿದ.

ಮಾವಾರ! ಪಡಸಾಲಿ ತುಂಬ ನಗಿ. ದೊಡ್ಡಪ್ಪನೂ ಮೀಸ್ಯಾಗ ನಕ್ಕು ಮತ್ತ ಕುಂತು ಅವಲಕ್ಕಿ ತಾಟು ಎತ್ತಿಕೊಂಡ್ರು.

ಬಂದವರೆಲ್ಲಾ ನನ್ನ ನೋಡಿ ಹೋಗಿದ್ರು. ನಿನಗ ಒಪ್ಪಿಗಿ ಐತೇನ ಅಂತ ಕೇಳಿದವ ಇವನೊಬ್ಬನ. ಇಂಗ್ಲಿಷು ಕನ್ನಡ ಎರಡೂ ಎಲ್ಲಿ ಓಡಿ ಹೋದ್ವೋ, ಬಾಯಿ ಕಟ್ಟಿಬಿಡ್ತು. ಅವ್ವ ಹಿಂದಿಂದ ಬಂದು ರಟ್ಟಿ ಚೂಟಿದ್ಲು.

“ಈಗರ ಬಾಯಿ ಬಿಡ, ಮಾರಾಯ್ತಿ!”

“ಹೂಂನ್ರಿ,” ಅಂದೆ.