ಆಯಿಯ ಎಡ ಮೊಣಕಾಲು

ಹೋದ ವಾರ ನನ್ನ ಕಾಲುನೋವಿಗೆಂದು ಸೊಸೆ ಔಡಲೆಣ್ಣೆ ಬಿಸಿ ಮಾಡಿ ತಂದಳು. ಬಟ್ಟಲು ಹತ್ತಿರ ಬಂದದ್ದೇ ತಡ, ಆ ವಾಸನೆ ಮೂಗಿಗೆ ಬಡಿದು ಕಾಲು ಹಿಂದಕ್ಕೆ ಎಳೆದುಕೊಂಡುಬಿಟ್ಟೆ. "ಯಾಕ್ರಿ ಅತ್ತಿ, ಬಾಳ ಬಿಸಿ ಆತೇನ್ರಿ?" ಎಂದಳು ಪಾಪ. ಬಿಸಿ ಏನೂ ಆಗಿರಲಿಲ್ಲ. ಹೆದರಿಕೆಯಾಗಿತ್ತು. ಈ ವಯಸ್ಸಿನಲ್ಲಿ ಎಣ್ಣೆಯ ವಾಸನೆಗೆ ಹೆದರುತ್ತೇನೆಂದು ಅವಳಿಗೆ ಹೇಗೆ ಹೇಳುವುದು...

ಎಂಬತ್ತರ ದಶಕದ ಮಾತು. ನಿಪ್ಪಾಣಿಯವಳಾದ ನಾನು ಅಥಣಿ ತಾಲ್ಲೂಕಿನ ಐಗಳಿಗೆ ಸೊಸೆಯಾಗಿ ಬಂದು ವರ್ಷ ಕಳೆದಿರಲಿಲ್ಲ. ಮನೆಯಲ್ಲಿ ಗಂಡನ ಅಜ್ಜಿ ಇದ್ದಳು. ಎಲ್ಲರೂ ಆಯಿ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಎಂಬತ್ತು ದಾಟಿದ ಜೀವ, ನಾಲಿಗೆ ಮಾತ್ರ ಹರೆಯದ್ದು. ನನ್ನ ಮರಾಠಿ ಬೆರೆತ ಕನ್ನಡವನ್ನು ಆಡಿಕೊಳ್ಳುತ್ತಿದ್ದವಳು ಅವಳೇ, ರೊಟ್ಟಿ ತಟ್ಟಲು ಕಲಿಸಿದವಳೂ ಅವಳೇ. ತೋಟದ ಕಾಲುವೆಯಲ್ಲಿ ಜಾರಿ ಬಿದ್ದಂದಿನಿಂದ ಅವಳ ಎಡ ಮೊಣಕಾಲು ಮಡಚುತ್ತಿರಲಿಲ್ಲ. ದಿನಾ ಮಧ್ಯಾಹ್ನ ಅದಕ್ಕೆ ಬಿಸಿ ಔಡಲೆಣ್ಣೆ ತಿಕ್ಕುವ ಕೆಲಸ ನನ್ನದು. ಸ್ವಲ್ಪ ಒತ್ತಿದರೂ ಸಾಕು, "ಅಯ್ಯಯ್ಯ, ಕೊಂದ್ಯಲ್ಲ ಬೇ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಕಾಲು ಮಡಚಿ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ಕೂತಂತೆಯೇ ಹೊತ್ತೊಯ್ದು, ಕುಣಿಯ ಒಳಗಿನ ಗೂಡಿನಲ್ಲಿ ಕೂರಿಸಿ ಮಣ್ಣು ಕೊಡುತ್ತೇವೆ. ಮೈ ಸೆಟೆಯುವ ಮೊದಲೇ ಕೂರಿಸಬೇಕು. ತಡವಾದರೆ... ಆಯಿ ಚಿಕ್ಕವಳಿದ್ದಾಗ ಹಾಗೆ ತಡವಾದದ್ದನ್ನು ನೋಡಿದ್ದಳಂತೆ, ತನ್ನ ಸ್ವಂತ ದೊಡ್ಡಪ್ಪನದು. ಗಂಡಸರು ಕೂಡಿ ಕಾಲು ಒತ್ತಿದಾಗ ಲಟಕ್ಕನೆ ಬಂದ ಸಪ್ಪಳ ಇನ್ನೂ ಕಿವಿಯಲ್ಲಿದೆ ಎನ್ನುತ್ತಿದ್ದಳು. ಸಾವಿಗೆ ಅವಳು ಒಂದಿಷ್ಟೂ ಅಂಜಿದವಳಲ್ಲ. ತನ್ನ ಕಾಲನ್ನು ಮುರಿದಾರು ಎಂಬುದೊಂದೇ ಭಯ.

ಮದುವೆಗೆ ಸಾಮಾನು ಕೂಡಿಸಿದಂತೆ ಎಲ್ಲವನ್ನೂ ಕೂಡಿಸಿಟ್ಟಿದ್ದಳು. ವಿಭೂತಿ ಗಟ್ಟಿ, ಇಳಕಲ್ ಸೀರೆ, ಕುಣಿಗೆ ಹಾಕಲು ಡಬ್ಬಿ ತುಂಬ ಉಪ್ಪು. ಒಮ್ಮೆ ಅಡುಗೆಮನೆಯಲ್ಲಿ ಉಪ್ಪು ತೀರಿತೆಂದು ನಾನು ಆ ಡಬ್ಬಿಗೆ ಕೈ ಹಾಕಿದೆ. "ಏ ನಿಪ್ಪಾಣಿಯಾಕಿ, ನನ್ನ ಕುಣಿ ಉಪ್ಪ ಸಾರಿಗೆ ಹಾಕ್ತಿ? ಎಲ್ಲಾರೂ ನನ್ನ ಜೋಡಿ ಬರಾವ್ರ ಅದೀರೇನ?" ಎಂದಳು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಹೊಲದಲ್ಲಿ ತೀರಿಹೋದ ಅಜ್ಜನ ಗದ್ದುಗೆಯ ಪಕ್ಕದ ಜಾಗ ತೋರಿಸಿ, ಕಬ್ಬಿನ ನೀರನ್ನು ಅತ್ತ ಹಾಯಿಸಬಾರದೆಂದು ಮಾವನಿಂದ ಮಾತು ತೆಗೆದುಕೊಂಡಿದ್ದಳು. ಬಡಿಗನನ್ನು ಕರೆಸಿ ಪಡಸಾಲೆಯ ಗೋಡೆಗೆ ಒಂದು ಗೂಟವನ್ನೂ ಬಡಿಸಿದ್ದಳು. ಕೂರಿಸಿದ ಹೆಣ ಮುಂದಕ್ಕೆ ಬಾಗದಂತೆ ಬಟ್ಟೆ ಕಟ್ಟಲು ಆ ಗೂಟ. ಅದರ ಕೆಳಗೇ ಕಾಲು ಚಾಚಿ ಕೂತು ಸೊರ್ ಎಂದು ಚಹಾ ಕುಡಿಯುತ್ತಿದ್ದಳು ಮಹಾತಾಯಿ! ನಾನು ಕಸ ಹೊಡೆಯುವಾಗಲೂ ಆ ಗೋಡೆಯ ಕಡೆ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಎಣ್ಣೆ ತಿಕ್ಕುವಾಗ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಎಲ್ಲಾರೂ ಹೊಲದಾಗ ಇರ್ತಾರ. ಮನ್ಯಾಗ ಇರಾಕಿ ನೀ ಒಬ್ಬಾಕಿ. ನನ್ನ ಜೀವ ಹೋದ ಕೂಡ್ಲೆ ಅಳ್ಕೋತ ಕುಂದ್ರಬ್ಯಾಡ. ಮೊದಲ ಕಾಲ ಮಡಚು. ಮೈ ಬಿಸಿ ಇದ್ದಾಗಷ್ಟ ಮಡಚತೈತಿ. ಗಂಡಸರ ಕೈಯಾಗ ನನ್ನ ಕಾಲ ಕೊಡಬ್ಯಾಡ. ಆಣಿ ಮಾಡು."

ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಆಣೆ ಮಾಡಿದೆ. ಮಾಡದೆ ಏನು ಮಾಡಲಿ, ಕೈ ಬಿಡಲೊಲ್ಲಳು.

ಅಂದಿನಿಂದ ರೊಟ್ಟಿ ತಟ್ಟುತ್ತಲೇ ಎದ್ದು ಹೋಗಿ ಅವಳ ಮೂಗಿನ ಹತ್ತಿರ ಹಿಟ್ಟಿನ ಕೈ ಹಿಡಿದು ಬರುತ್ತಿದ್ದೆ. ಕೆಮ್ಮಿದರೆ ಹೆದರಿಕೆ, ಕೆಮ್ಮದಿದ್ದರೆ ಇನ್ನೂ ಹೆದರಿಕೆ. ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿಯ ದಿನಗಳು ಬಂದವು. ಮನೆಮಂದಿಯೆಲ್ಲ ತೋಟಕ್ಕೆ ಹೋಗಿದ್ದಾಗ ಒಮ್ಮೆ ನೋಡುತ್ತೇನೆ, ಆಯಿ ಬಾಯಿ ತೆರೆದು ಮಲಗಿದ್ದಾಳೆ. ಕರೆದೆ. ಅಲುಗಾಡಿಸಿದೆ. ಮಾತಿಲ್ಲ. ಮೂಗಿಗೆ ಹಿಡಿದ ಹಿಟ್ಟಿನ ಕೈಗೆ ಉಸಿರು ತಗಲುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಎರಡೂ ಕೈಯಿಂದ ಮೊಣಕಾಲು ಹಿಡಿದು ಒತ್ತಿದ್ದೇ, ಕಿಟಾರನೆ ಕಿರುಚಿ ಎದ್ದು ಕೂತಳು!

"ಇನ್ನಾ ಅದೀನಿ ಬೇ ನಾ! ಇಷ್ಟ್ಯಾಕ ಅವಸರ ನಿನಗ?"

ನಾನು "ಆಯಿ ಗ..." ಎನ್ನುತ್ತ ಅಲ್ಲೇ ಕುಸಿದು ಅತ್ತುಬಿಟ್ಟೆ. ಹೆದರಿದಾಗ ನನ್ನ ಬಾಯಿಗೆ ಮರಾಠಿಯೇ ಬರುತ್ತಿತ್ತು. ಅವಳು ನೋವಿಗೆ ಕಣ್ಣೊರೆಸಿಕೊಳ್ಳುತ್ತ, "ಹೋಗ್ಲಿ ಬಿಡು. ಹೇಳಿದ್ದ ಮರ್ತಿಲ್ಲಲ್ಲ, ಅಷ್ಟ ಸಾಕು" ಎಂದಳು. ಈ ಸಂಗತಿ ನಾವಿಬ್ಬರೂ ಯಾರಿಗೂ ಹೇಳಲಿಲ್ಲ.

ಎರಡು ವಾರ ಕಳೆದಿರಬೇಕು. ಮತ್ತೆ ಅಂಥದೇ ಮಧ್ಯಾಹ್ನ, ಮತ್ತೆ ಅದೇ ತೆರೆದ ಬಾಯಿ. ಈ ಸಲ ನಾನು ಅವಸರ ಮಾಡಲಿಲ್ಲ. ಕನ್ನಡಿ ತಂದು ಮೂಗಿಗೆ ಹಿಡಿದೆ. ಮಸುಕಾಗಲಿಲ್ಲ. ಎದೆಗೆ ಕಿವಿ ಇಟ್ಟೆ, ನನ್ನ ಎದೆಯ ಸಪ್ಪಳವೇ ಕೇಳಿತು. ಕಾದರೆ ಕಾಲು ಸೆಟೆಯುತ್ತದೆ. ಕಾಯದಿದ್ದರೆ... ಒಲೆಯ ಮೇಲೆ ಬೇಳೆ ಸೀದು ಹೊಗೆ ಪಡಸಾಲೆಗೆ ಬಂತು. ಏಳಲಿಲ್ಲ. ಅವಳ ಪಾದ ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು. ಕಣ್ಣು ಮುಚ್ಚಿಕೊಂಡು ಒತ್ತಿದೆ. ಅಷ್ಟು ವರ್ಷ ಮಡಚದ ಮೊಣಕಾಲು ಸುಮ್ಮನೆ ಮಡಚಿಕೊಂಡಿತು.

ಮಡಚುವಾಗ ಅವಳ ಬಾಯಿಂದ "ಹಾ" ಎಂದು ಒಂದು ಸಣ್ಣ ಸಪ್ಪಳ ಬಂತು.

ನಾನು ಕಾಲು ಬಿಡಲಿಲ್ಲ. ಬಿಟ್ಟರೆ ಮತ್ತೆ ನೆಟ್ಟಗಾದೀತೆಂದು ಹಾಗೆಯೇ ಹಿಡಿದು, ಅಲ್ಲಿಂದಲೇ ಪಕ್ಕದ ಮನೆಯವರನ್ನು ಕೂಗಿದೆ. ತೋಟದಿಂದ ಎಲ್ಲರೂ ಓಡಿ ಬಂದರು. ಆಯಿಯನ್ನು ಕೂರಿಸಿ ಗೂಟಕ್ಕೆ ಬಟ್ಟೆ ಕಟ್ಟಿದರು. ಕ್ರಿಯೆ ಮಾಡಿಸಲು ಬಂದ ಅಯ್ಯನವರು, "ಎಷ್ಟ ಚಂದ ಕುಂತಾಳ ನೋಡ್ರಿ, ಜೀವಂತ ಇದ್ದಂಗ" ಎಂದರು. ಮರುದಿನ ಕಬ್ಬೂರಿನಿಂದ, ರಾಯಬಾಗದಿಂದ ಬಂದ ಬೀಗರೆಲ್ಲ "ನಿಪ್ಪಾಣಿ ಸೊಸಿ ಬಾಳ ಧೈರ್ಯದಾಕಿ" ಎಂದು ಬೆನ್ನು ತಟ್ಟಿದರು. ಗೂಡಿನಲ್ಲಿ ಕೂರಿಸಿ ಮಣ್ಣು ಹಾಕತೊಡಗಿದಾಗ ನಾನು ಹೆಂಗಸರ ಗುಂಪಿನಲ್ಲಿ ದೂರ ನಿಂತಿದ್ದೆ. "ನಿಲ್ಲಿಸ್ರಿ, ಇನ್ನೊಮ್ಮೆ ನೋಡ್ರಿ" ಎಂಬ ಮಾತು ಗಂಟಲವರೆಗೆ ಬಂತು. ಸೆರಗು ಬಾಯಿಗೆ ತುರುಕಿಕೊಂಡೆ. ಹೊಸ ಸೊಸೆ ನಾನು, ಮುಂದೆ ಅಷ್ಟೊಂದು ಹಿರಿಯರು...

ತೊಂಬತ್ತರ ದಶಕದ ಕೊನೆಗೆ ಚಿಕ್ಕೋಡಿಯಲ್ಲಿ ಒಬ್ಬ ಡಾಕ್ಟರರನ್ನು, ಬೇರೆ ಯಾರದೋ ಕಥೆ ಹೇಳುವಂತೆ, ಕೇಳಿದೆ. "ಜೀವ ಹೋದ ಮ್ಯಾಲ ಮೊದಲ ಮೈ ಸಡ್ಲ ಆಗತೈತ್ರಿ, ಅದಕ್ಕ ಮಡಚೈತಿ. ಒಳಗಿನ ಗಾಳಿ ಹೊರಗ ಬರೂದರಾಗ ಸಪ್ಪಳಾನೂ ಆಗತೈತಿ" ಎಂದರು. ಹೌದ್ರಿ ಎಂದು ತಲೆಯಾಡಿಸಿ ಬಂದೆ. ಅವರು ಹೇಳಿದ್ದು ಸರಿಯೇ ಇರಬೇಕು. ಬಸ್ಸಿನಲ್ಲಿ ಕೂತಾಗ ಮಾತ್ರ ಆ "ಹಾ" ಮತ್ತೆ ಕೇಳಿಸಿತು.

ಈಗ ಅತ್ತೆ ಮಾವ ಇಲ್ಲ, ನನ್ನವರೂ ಇಲ್ಲ. ಆಯಿಯನ್ನು ಕಂಡವಳು ಈ ಮನೆಯಲ್ಲಿ ನಾನೊಬ್ಬಳೇ. ಮೊಮ್ಮಕ್ಕಳು ಕೇಳಿದರೆ ಅವಳ ಬೈಗುಳ, ಹಟ, ಚಹಾದ ಚಟ ಎಲ್ಲ ಹೇಳಿ ನಗಿಸುತ್ತೇನೆ. ನನಗೆ ಅವಳ ಮೇಲೆ ಜೀವವಿತ್ತು. ಆದರೂ ಇಷ್ಟು ವರ್ಷಗಳಲ್ಲಿ ಅವಳು ಹೋದಳೆಂದು ಒಂದು ಸಲವೂ ಅತ್ತಿಲ್ಲ. ಅಳಬೇಕಾದರೆ, ನಾನು ಕಾಲು ಮಡಚುವ ಹೊತ್ತಿಗೆ ಅವಳು ಹೋಗಿದ್ದಳೆಂದು ನನಗೆ ಖಾತ್ರಿಯಾಗಬೇಕಲ್ಲ.