ಅಳತೆಗೆ ಕೊಟ್ಟ ಅಂಗಿ

ಕೊರಳಲ್ಲಿ ಸದಾ ಟೇಪು ಜೋತಾಡುವುದರಿಂದ ಬೀದಿಯವರೆಲ್ಲ ಆ ಟೈಲರನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ತನ್ನ ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲವೆಂಬ ಜಂಬ ಅವಳದು.

ಅವಳ ಚೊಚ್ಚಲ ಬಸುರಿನ ಐದನೇ ತಿಂಗಳಲ್ಲಿ ಆಸ್ಪತ್ರೆಯ ನರ್ಸ್ ಕೇಳಿದರು: "ನೀನು ಹುಟ್ಟಿದಾಗ ಎಷ್ಟು ತೂಕ ಇದ್ದೆ?"

"ಹುಟ್ಟೋದು ಮಗು. ನನ್ನ ತೂಕ ಯಾಕೆ ಸಿಸ್ಟರ್?"

"ತಾಯಿ ದಿನ ತುಂಬದೆ ಸಣ್ಣಗೆ ಹುಟ್ಟಿದ್ರೆ ಮಗುನೂ ಹಾಗಾಗೋದು ಸ್ವಲ್ಪ ಜಾಸ್ತಿ ಕಣಮ್ಮ. ಆಗೇ ಆಗುತ್ತೆ ಅಂತಲ್ಲ. ಗೊತ್ತಿದ್ರೆ ಎಚ್ಚರವಾಗಿರಬಹುದು."

ಟೇಪಕ್ಕನ ಅಮ್ಮನಿಗೆ ತೂಕ ನೆನಪಿರಲಿಲ್ಲ. "ಎಲ್ಲದಕ್ಕೂ ಆತುರ ನಿಂಗೆ. ಎಂಟು ತಿಂಗಳಿಗೇ ಬಂದುಬಿಟ್ಟೆ" ಎಂದು ಗೊಣಗುತ್ತ, ಟ್ರಂಕಿನ ತಳದಿಂದ ಮಗಳ ಮೊದಲ ಅಂಗಿ ತೆಗೆದುಕೊಟ್ಟಳು. ಗೊಂಬೆಗೆ ಹೊಲಿದಂತಿತ್ತು. ಅದನ್ನು ನೋಡಿದ ನರ್ಸ್, ಹದಿನೈದು ದಿನಕ್ಕೊಮ್ಮೆ ತಪ್ಪದೆ ಬರಬೇಕೆಂದರು.

ಟೇಪಕ್ಕ ಒಂದು ಸಲವೂ ತಪ್ಪಿಸಲಿಲ್ಲ. ಗಿರಾಕಿಗಳು ಅಳತೆಗೆ ಹಳೇ ಬಟ್ಟೆ ಕೊಡುವ ಹಾಗೆ, ಆ ಅಂಗಿಯನ್ನೇ ಮುಂದಿಟ್ಟುಕೊಂಡು ಮಗುವಿಗೆ ನಾಲ್ಕು ಅಂಗಿ ಹೊಲಿದಳು.

ಮಗು ದಿನ ತುಂಬಿಯೇ ಹುಟ್ಟಿತು. ಅಂಗಿ ತೊಡಿಸಲು ಹೋದ ಅಜ್ಜಿ ಬೆವತುಹೋದಳು. ತೋಳು ಮೊಣಕೈ ದಾಟಲೊಲ್ಲದು.

"ನಾಲ್ಕೂ ಹಾಳು ಮಾಡಿದ್ಯಲ್ಲೇ! ಇದೇನಾ ನಿನ್ನ ಅಳತೆ?"

ಹಾಸಿಗೆಯಲ್ಲಿ ಒರಗಿದ್ದ ಟೇಪಕ್ಕ ನಕ್ಕಳು. "ಒಳಮಗ್ಗುಲು ತಿರುಗಿಸಿ ನೋಡಮ್ಮ."

ಅಜ್ಜಿ ತಿರುಗಿಸಿದಳು. ಒಂದೊಂದು ಹೊಲಿಗೆಯ ಒಳಗೂ, ಬಿಚ್ಚಿ ದೊಡ್ಡದು ಮಾಡಲೆಂದು, ಎರಡೆರಡು ಬೆರಳು ಬಟ್ಟೆ ಮಡಿಸಿಟ್ಟಿತ್ತು.