ಬೀಗರ ಊಟಕ್ಕೆ ಬಿಳಿ ನೀರು

ನೀರು ಪರೀಕ್ಷೆ ಮಾಡುವ ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ನಾನು ಕೇಳಿಕೊಂಡಿದ್ದಕ್ಕಲ್ಲ. ನಮ್ಮ ಮಹಿಳಾ ಸಂಘದಿಂದ ಯಾರಾದರೊಬ್ಬರು ಹೊಳೆನರಸೀಪುರಕ್ಕೆ ತರಬೇತಿಗೆ ಹೋಗಬೇಕು ಅಂತ ಬಂದಾಗ ಮಿಕ್ಕವರಿಗೆಲ್ಲ ಶುಂಠಿ ಹೊಲದ ಕೆಲಸವಿತ್ತು. ನನಗೆ ಕುಕ್ಕರಿನ ರಬ್ಬರ್ ಸವೆದುಹೋಗಿತ್ತು. ಹೇಗೂ ಪೇಟೆಗೆ ಹೋಗಬೇಕಲ್ಲ ಎಂದು ಒಪ್ಪಿಕೊಂಡೆ. ಸಂಜೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಬಳೆಯ ಹಾಗೆ ಕೈಗೆ ಹಾಕಿಕೊಂಡಿದ್ದು ಕುಕ್ಕರ್ ರಬ್ಬರ್, ತೊಡೆಯ ಮೇಲೆ ನೀಲಿ ಪೆಟ್ಟಿಗೆ.

ಅಲ್ಲಿ ಕಲಿತ ಪಾಠ ಸಣ್ಣದು. ನಲ್ಲಿ ನೀರನ್ನು ಗಾಜಿನ ಕೊಳವೆಗೆ ಹಿಡಿಯಬೇಕು, ಸೀಸೆಯಿಂದ ಕೆಲವು ಹನಿ ಬಿಡಬೇಕು. ಟ್ಯಾಂಕಿಗೆ ಹಾಕಿದ ಬ್ಲೀಚಿಂಗ್ ಪೌಡರಿನ ಶಕ್ತಿ ಆ ನಲ್ಲಿಯವರೆಗೂ ಬಂದಿದ್ದರೆ ನೀರು ತಿಳಿಹಳದಿಗೆ ತಿರುಗುತ್ತದೆ. ಬಂದಿಲ್ಲವಾದರೆ ಇದ್ದ ಹಾಗೇ ಬೆಳ್ಳಗಿರುತ್ತದೆ. ಹಳದಿಯಾದರೆ ಕುಡಿಯಬಹುದು, ಬಿಳಿಯಾಗಿದ್ದರೆ ಯೋಚನೆ ಮಾಡಬೇಕು. ಇಷ್ಟನ್ನು ಊರಿಗೆ ತಿಳಿಸಿ ಹೇಳುವುದು ಒಂದು ಬೆಳಗಿನ ಕೆಲಸ ಅಂದುಕೊಂಡಿದ್ದೆ.

ನಮ್ಮೂರು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಇದೆ. ಪಕ್ಕದ ಹಳ್ಳಿಯಲ್ಲಿ ಆಗತಾನೇ ಒಂದೆರಡು ಮನೆಗಳಲ್ಲಿ ಕಾಮಾಲೆ ಕಾಣಿಸಿಕೊಂಡು, ಎಲ್ಲರೂ ಕನ್ನಡಿ ಮುಂದೆ ನಿಂತು ಕಣ್ಣಿನ ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದ ಕಾಲ. ಮೊದಲ ಪರೀಕ್ಷೆ ನಮ್ಮ ಮನೆ ನಲ್ಲಿಯಲ್ಲೇ ಆಯಿತು. ಟ್ಯಾಂಕಿಗೆ ಹತ್ತಿರದ ಮನೆ ನಮ್ಮದು. ನೀರು ನಿಂಬೆಹಣ್ಣಿನ ಬಣ್ಣಕ್ಕೆ ಬಂತು. ನನಗೆ ಸಂತೋಷವಾಗಿ ಕೊಳವೆಯನ್ನು ಎತ್ತಿ ಹಿಡಿದೆ.

ಎದುರು ಮನೆಯ ಅಜ್ಜಿ ಹತ್ತಿರ ಬಂದು ನೋಡಿದಳು. "ಸಿಕ್ಕಾಕ್ಕತು ನೋಡ್ರವ್ವ, ಕಾಮಾಲೆ."

"ಕಾಮಾಲೆ ಅಲ್ಲ ಕಣಜ್ಜಿ, ಅದು ಔಸ್ದಿ. ಅಳದಿ ಬಂದ್ರೆ ಒಳ್ಳೇದು."

"ಕೊರೋನಾದಾಗ ಮೂಗಿಗೆ ಕಡ್ಡಿ ಆಕಿ ನೋಡುದ್ರಲ್ಲ, ಗೆರೆ ಬಂದೋರ್ಗೆ ಒಳ್ಳೇದು ಅಂದ್ರಾ, ಆಂಬುಲೆನ್ಸ್‌ಗೆ ಅತ್ತುಸುದ್ರಾ?"

ನಾನು ಕೊಳವೆ ತೊಳೆದುಕೊಂಡು ಪಕ್ಕದ ಮನೆಗೆ ನಡೆದೆ.

ಬೀದಿ ಹಿಡಿದು ಮುಂದೆ ಹೋದ ಹಾಗೆ ಬಣ್ಣ ತೆಳುವಾಗುತ್ತಾ ಬಂತು. ಅದರ ಜೊತೆಗೆ ಮನೆಯವರ ಮುಖ ಅರಳುತ್ತಾ ಬಂತು. ಊರಿನ ಕೊನೆಯ ಮನೆ ನನ್ನ ಓರಗಿತ್ತಿಯದು, ಅಂದರೆ ನನ್ನ ಮೈದುನನ ಹೆಂಡತಿಯದು. ಅಲ್ಲಿ ಎಷ್ಟು ಹೊತ್ತು ಕಾದರೂ ಕೊಳವೆಯಲ್ಲಿ ಬಣ್ಣದ ಸುಳಿವೇ ಇಲ್ಲ. ಹಿಂದೆ ಬಂದಿದ್ದ ಹೆಂಗಸರು ಪರೀಕ್ಷೆಯಲ್ಲಿ ಊರಿಗೇ ಮೊದಲು ಬಂದ ಹುಡುಗಿಯನ್ನು ನೋಡುವ ಹಾಗೆ ಅವಳನ್ನು ನೋಡಿದರು. ಮಾರನೆಯ ಬೆಳಿಗ್ಗೆ ಅವಳ ಬಾಗಿಲಲ್ಲಿ ಬಿಂದಿಗೆಗಳ ಸಾಲು. ನಮ್ಮ ಮನೆಗೆ ಮಜ್ಜಿಗೆ ಕೇಳಲು ಬರುತ್ತಿದ್ದವರೂ ಬರುವುದನ್ನು ನಿಲ್ಲಿಸಿದರು. ನಾನು ಸಾಲಿನ ಪಕ್ಕ ನಿಂತು, "ಕಾಯ್ಸಿ ಕುಡೀರವ್ವ" ಅಂತ ಒಬ್ಬೊಬ್ಬರಿಗೂ ಹೇಳಿದೆ. ಹೊಟ್ಟೆಕಿಚ್ಚಿಗೆ ಹೇಳುತ್ತಾಳೆ ಅಂದರು.

ಊರಿಗೆ ನೀರು ಬಿಡುವ ನಮ್ಮ ನೀರುಗಂಟಿ ಅಚ್ಚುಕಟ್ಟಾದ ಮನುಷ್ಯ. ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರುವ ತನಕ ಬೀಡಿ ಸೇದಿ, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹೊಯ್ಯುತ್ತಿದ್ದ. ಅವನು ಬಂದು ನಮ್ಮ ಜಗಲಿ ಮೇಲೆ ಕುಕ್ಕರಿಸಿದ.

"ಅಕ್ಕಾರೇ, ಆ ಪೆಟ್ಗೆನ ಅಟ್ಟದ ಮ್ಯಾಲೆ ಮಡಗ್ಬುಡಿ. ಇಷ್ಟು ದಿನ ವಾಸ್ನೆ ಅಂತ ಬೈತಿದ್ರು. ಈಗ ಬಣ್ಣಾನೂ ಸೇರ್ಕತು. ನಾನು ಟ್ಯಾಂಕಿಗೆ ಕಾಮಾಲೆ ಬಿಡ್ತಾ ಇವ್ನಂತೆ."

"ಕೊನೇ ಮನೆ ನೀರು ಯಾಕಪ್ಪ ಅಂಗೆ?"

ಅವನು ದನಿ ತಗ್ಗಿಸಿದ. ಓರಗಿತ್ತಿಯ ಮನೆ ಮುಂದೆ ಪೈಪು ಚರಂಡಿಯ ಪಕ್ಕದಲ್ಲೇ ಹೋಗುತ್ತದೆ, ಅಲ್ಲಿ ಒಂದು ಜಾಯಿಂಟು ಒಸರುತ್ತಿದೆ. ನೀರು ಬಿಟ್ಟಾಗ ಹೊರಗೆ ಒಸರುತ್ತದೆ, ನೀರು ನಿಂತಾಗ ಚರಂಡಿಯದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪೌಡರಿನ ಶಕ್ತಿಯೆಲ್ಲ ಆ ಕೊಳೆಯ ಮೇಲೆ ಖರ್ಚಾಗಿ ಹೋಗುತ್ತದೆ. "ಅಗೆದು ಸರಿ ಮಾಡ್ತೀನಿ ಅಂತ ಗುದ್ಲಿ ತಕಂಡೋದೆ. ಬೀಗ್ರು ಬರೋ ಒತ್ಗೆ ಬಾಗ್ಲಲ್ಲಿ ಗುಂಡಿ ತೋಡೀಯಾ ಅಂತ ಅಟ್ಟುಸ್ಕಂಡ್ ಬಂದ್ರು."

ಬೀಗರು ಬರುವುದು ನಿಜವೇ. ಓರಗಿತ್ತಿಯ ಮಗನಿಗೆ ನುಗ್ಗೇಹಳ್ಳಿ ಕಡೆಯ ಹುಡುಗಿಯನ್ನು ತಂದು ಮದುವೆ ಮುಗಿದಿತ್ತು. ಬರುವ ಭಾನುವಾರ ಬೀಗರ ಊಟ. ಚನ್ನರಾಯಪಟ್ಟಣದ ಕಡೆಯಿಂದ ಎರಡು ಬಸ್ಸು ಜನ ಬಂದು ಮುದ್ದೆ, ಮಟನ್ ಸಾರು ಉಂಡು, ಆ ನಲ್ಲಿಯ ನೀರನ್ನೇ ಕುಡಿದು ಹೋಗುವವರಿದ್ದರು. ಉಂಡು ಹೋದ ಬೀಗರಿಗೆ ಕಾಮಾಲೆ ಹತ್ತಿಕೊಂಡರೆ, ಇನ್ನೂ ಕಾಲುಂಗುರದ ಹೊಳಪು ಮಾಸದ ಆ ಹುಡುಗಿ ಅತ್ತ ತವರಿಗೆ ಏನು ಹೇಳಬೇಕು, ಇತ್ತ ಅತ್ತೆಗೆ ಏನು ಹೇಳಬೇಕು?

ಬಾಟಲಿ ನೀರು ತರಿಸೋಣ ಅಂದೆ.

"ಚಿನ್ನ ಮನೇಲಿಟ್ಕಂಡು ಗಿಲೀಟು ಆಕ್ಕೊಳಾನ?" ಅಂದಳು ಓರಗಿತ್ತಿ. ಅಷ್ಟಕ್ಕೇ ಬಿಡಲಿಲ್ಲ. "ಅಕ್ಕ, ಊಟಕ್ಕೆ ಮುಂಚೆ ನಿನ್ ಪೆಟ್ಗೆ ತಂದು ಎಲ್ರೆದುರ್ಗೂ ಒಂದ್ಸಲ ನನ್ ನೀರ ತೋರ್ಸ್ಬುಡು. ನಮ್ದು ಎಂಥ ನೀರು ಅಂತ ಬೀಗ್ರೂ ನೋಡ್ಕಳ್ಳಿ."

ಆಶಾ ಕಾರ್ಯಕರ್ತೆಯ ಹತ್ತಿರ ಕ್ಲೋರಿನ್ ಮಾತ್ರೆಗಳಿದ್ದವು. ಡ್ರಮ್ಮಿಗೆ ಹಾಕಿದರೆ ನೀರು ಶುದ್ಧವಾಗುತ್ತಿತ್ತು, ಆದರೆ ನನ್ನ ಕೊಳವೆಯಲ್ಲಿ ಹಳದಿಯೂ ಆಗುತ್ತಿತ್ತು. ಎರಡು ಬಸ್ಸು ಬೀಗರ ಮುಂದೆ ಓರಗಿತ್ತಿಯ ಮಾನ ನನ್ನ ಕೈಯಿಂದಲೇ ಹೋಗುತ್ತಿತ್ತು. ಮಾತ್ರೆ ಹಾಕದಿದ್ದರೆ ಅವಳ ಮಾನ ಉಳಿಯುತ್ತಿತ್ತು, ಬೀಗರ ಲಿವರು ಉಳಿಯುತ್ತಿತ್ತೋ ಇಲ್ಲವೋ. ರಾಗಿ ಬೀಸಿಸಲು ಹೋಗಿ ಗಿರಣಿಯಲ್ಲಿ ಕೂತಿದ್ದಾಗ ದಾರಿ ಹೊಳೆಯಿತು. ಅಲ್ಲಿಂದ ಸೀದಾ ಅವಳ ಮನೆಗೆ ಹೋದೆ.

"ನೋಡಮ್ಮಿ, ಒಂದ್ ಮಾತೇಳ್ತೀನಿ. ಭಾನ್ವಾರ ಟ್ಯಾಂಕಿಗೆ ಪೌಡ್ರು ಒಂಚೂರು ಜಾಸ್ತಿ ಬಿದ್ರೆ ನಿನ್ ನಲ್ಲೀಲೂ ಅಳದಿ ಬಂದ್ಬುಡ್ಬೋದು. ಚೆನ್ನಾಗಿ ಕುದುಸ್ಬುಟ್ರೆ ಆ ನೀರು ಅಳದಿಗೆ ತಿರ್ಗೋದೇ ಇಲ್ಲ."

ಸುಳ್ಳಲ್ಲ. ಕುದಿಸಿದ ನೀರಿನಲ್ಲಿ ಪೌಡರಿನ ಶಕ್ತಿ ಉಳಿಯುವುದಿಲ್ಲ, ರೋಗವೂ ಉಳಿಯುವುದಿಲ್ಲ.

"ಯಾವತ್ಗೂವಾ?"

"ಯಾವತ್ಗೂವೆ."

ಅವಳ ಕಣ್ಣು ಮಿನುಗಿತು. ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ಮಟನ್ನಿಗೆ ಒಂದು ಕೊಪ್ಪರಿಗೆ, ನೀರಿಗೆ ನಾಲ್ಕು. ಅಡುಗೆಯವನು ಸೌದೆ ತುರುಕುತ್ತಾ ಗೊಣಗಿದ. "ಇದೇನವ್ವ, ಬೀಗ್ರಿಗೆ ಊಟ ಆಕ್ತೀರಾ, ಮಜ್ಜನ ಮಾಡುಸ್ತೀರಾ?" ನೀರು ಕುದಿಯಿತೇನೋ ಸರಿ, ಆರುವುದಕ್ಕೆ ಪುರುಸೊತ್ತು ಸಿಗಲಿಲ್ಲ. ಬೀಗರು ಹೇಳಿದ್ದಕ್ಕಿಂತ ಮೊದಲೇ ಬಂದಿಳಿದರು.

ಚೈತ್ರದ ಬಿಸಿಲಿನಲ್ಲಿ ಶಾಮಿಯಾನದ ಕೆಳಗೆ ಕೈಗೆ ಕೊಟ್ಟ ಸ್ಟೀಲ್ ಲೋಟವನ್ನು ಅವರು ಟವಲಿನ ತುದಿಯಲ್ಲಿ ಹಿಡಿದುಕೊಂಡರು. ಹುಡುಗಿಯ ಸೋದರಮಾವ ಊದಿ ಊದಿ ಒಂದು ಗುಟುಕು ಕುಡಿದು ಪಕ್ಕದವನಿಗೆ ಹೇಳಿದ. "ಬಿಸ್ನೀರು ಕಣ್ಲಾ. ಇದು ಬೀಗರೂಟ್ವಾ, ಬಾಣ್ತಿ ಊಟ್ವಾ?"

"ಮದ್ವೆಯಾಗಿ ತಿಂಗ್ಳಾಗಿಲ್ಲ. ಈ ಕಡೆ ಜನ ಬಾರಿ ಮುಂದಾಲೋಚನೆ ಬುಡು ಮಾವ."

ಇದನ್ನು ಕೇಳಿಸಿಕೊಂಡ ಹೊಸ ಸೊಸೆ ಒಳಕ್ಕೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

ಆಗ ಓರಗಿತ್ತಿ ನನ್ನನ್ನು ಕರೆದಳು. ಒಂದು ಮಣೆ ಹಾಕಿಸಿದ್ದಳು, ಮಣೆಯ ಮುಂದೆ ರಂಗೋಲಿ ಬಿಡಿಸಿ, ಅರಿಶಿನ, ಎಲೆ ಅಡಿಕೆ, ಬಾಳೆಹಣ್ಣಿನ ತಟ್ಟೆಯನ್ನೂ ಇಟ್ಟಿದ್ದಳು. ನಾನು ಪೆಟ್ಟಿಗೆಯನ್ನು ಇಟ್ಟು ಮುಚ್ಚಳ ತೆಗೆದದ್ದೇ ತಡ, ಬೀಗರೆಲ್ಲ ಮಾತು ನಿಲ್ಲಿಸಿ ಟವಲನ್ನು ಹೆಗಲಿಂದ ಸೊಂಟಕ್ಕೆ ಇಳಿಸಿಕೊಂಡರು. ಹೆಂಗಸರು ಸೆರಗು ಹೊದ್ದುಕೊಂಡರು. ಹುಡುಗಿಯ ದೊಡ್ಡಮ್ಮ ನನ್ನ ಪಕ್ಕ ಬಗ್ಗಿ ಮೆಲ್ಲಗೆ ಕೇಳಿದರು. "ಇದು ನಿಮ್ಮ ಕಡೆ ಶಾಸ್ತ್ರಾನೇನವ್ವ? ನಮ್ಮಲ್ಲಿಲ್ಲ. ನಾವೇನಾದ್ರೂ ಇಡ್ಬೇಕಾ?"

ಏನೂ ಬೇಡ ಅನ್ನುವಷ್ಟರಲ್ಲಿ ಅವರು ಪೆಟ್ಟಿಗೆಯ ಮೇಲೆ ಎಲೆ ಅಡಿಕೆ ಇಟ್ಟಾಗಿತ್ತು. ನಾನು ಆರಿದ ನೀರನ್ನು ಒಂದಿಷ್ಟು ಕೊಳವೆಗೆ ಹಿಡಿದು ಹನಿ ಬಿಟ್ಟೆ, ಕಾದೆ. ಸ್ಫಟಿಕದಷ್ಟು ನಿರ್ಮಲ. ನಮ್ಮೂರವರು ತಲೆದೂಗಿದರು. ಓರಗಿತ್ತಿ ಉಸಿರು ಬಿಟ್ಟಳು, ನಾನೂ ಬಿಟ್ಟೆ. ಎಲ್ಲ ಅಂದುಕೊಂಡ ಹಾಗೇ ಮುಗಿಯಿತು ಅನ್ನುವಾಗ ದೊಡ್ಡಮ್ಮ ತಟ್ಟೆಯಿಂದ ಒಂದು ಚಿಟಿಕೆ ಅರಿಶಿನ ತೆಗೆದು, "ಗಂಗಮ್ಮ ತಾಯಿ, ಕಾಪಾಡವ್ವ" ಎಂದು ಕೊಳವೆಯೊಳಕ್ಕೇ ಹಾಕಿ ಕೈ ಮುಗಿದರು.

ಟ್ಯಾಂಕಿನ ಕೆಳಗಿನ ನಮ್ಮ ನಲ್ಲಿಯಲ್ಲೂ ಅಂಥ ಹಳದಿ ಬಂದಿರಲಿಲ್ಲ.

ನಮ್ಮೂರವರು ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಬೀಗರ ಕಡೆ ಮಾತ್ರ ಸಂಭ್ರಮ. "ಬಣ್ಣ ಬಂತು, ಒಳ್ಳೇದಾಯ್ತದೆ" ಅಂದರು ದೊಡ್ಡಮ್ಮ. ಎದುರು ಮನೆಯ ಅಜ್ಜಿ ಸೊಂಟಕ್ಕೆ ಕೈಯಿಟ್ಟು ಎದ್ದು, "ಅಯ್ಯೋ, ಕಾಮಾ..." ಅನ್ನುವುದರೊಳಗೆ ಓರಗಿತ್ತಿ ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ಸುಲಿದು ಅವಳ ಬಾಯಿಗಿಟ್ಟಳು. ಬೀಗಿತ್ತಿ ಕೈಯಾರೆ ಹಾಕಿದ ಅರಿಶಿನವನ್ನು ರೋಗ ಅನ್ನಲು ಯಾರಿಗೆ ನಾಲಿಗೆ ಬಂದೀತು?

"ಊಂ ಕಣಜ್ಜಿ, ಅಳದಿ ಬಂದ್ರೆ ಒಳ್ಳೇದು," ಅಂದಳು ಓರಗಿತ್ತಿ, ಎಲ್ಲರಿಗೂ ಕೇಳುವ ಹಾಗೆ. "ನಮ್ಮಕ್ಕ ಮೊದ್ಲಿಂದ್ಲೂ ಅದ್ನೇ ಏಳ್ತಾವ್ಳೆ."

ಸೋಮವಾರ ಬೆಳಿಗ್ಗೆ ಅವಳ ಬಾಗಿಲಲ್ಲಿ ಬಿಂದಿಗೆ ಇರಲಿಲ್ಲ, ಗುಂಡಿ ಇತ್ತು. ನೀರುಗಂಟಿ ಅದರೊಳಗೆ ಕೂತು ಜಾಯಿಂಟು ಬಿಚ್ಚುತ್ತಿದ್ದ. ದಂಡೆಯ ಮೇಲೆ ನಿಂತು ಕಾಫಿ ಕೊಡುತ್ತಿದ್ದವಳು ಅವಳೇ. ಆ ಪೈಪು ಸರಿಯಾದ ಮೇಲೆ ಅವಳ ನಲ್ಲಿಯಲ್ಲೂ ಬಣ್ಣ ಬಂತು, ಎಳೆ ಬಿಸಿಲಿನಷ್ಟು ತೆಳು. ಅವಳು ಕೊಳವೆಯನ್ನು ನನ್ನ ಮನೆಯದರ ಪಕ್ಕ ಹಿಡಿದು ನೋಡಿ ಮುಖ ಸಣ್ಣಗೆ ಮಾಡಿಕೊಂಡಳು. ಈಗ ನೀರುಗಂಟಿಗೆ ಬೈಗುಳ ಬೇರೆ ಥರದ್ದು: ಹಿರೀ ಸೊಸೆ ಮನೆಗೆ, ಅಂದರೆ ನನ್ನ ಮನೆಗೆ, ಬಣ್ಣ ಜಾಸ್ತಿ ಬಿಡುತ್ತಾನಂತೆ.

ನನಗೆ ಮಾತ್ರ ಇನ್ನೂ ನೆಮ್ಮದಿಯಿರಲಿಲ್ಲ. ಬೀಗರಲ್ಲಿ ಯಾರು ಯಾರು ಕೊಪ್ಪರಿಗೆಯದನ್ನು ಬಿಟ್ಟು ನಲ್ಲಿಗೆ ಬಾಯಿ ಕೊಟ್ಟರೋ ಏನೋ. ಕಾಮಾಲೆ ತೋರಿಕೊಳ್ಳಲು ವಾರಗಳೇ ಬೇಕು ಅಂತ ತರಬೇತಿಯಲ್ಲಿ ಕೇಳಿದ್ದೆ. ಹಾಗಾಗಿ ಆಗಾಗ ನುಗ್ಗೇಹಳ್ಳಿಗೆ ಫೋನು ಮಾಡಿ, ಮಳೆ ಬೆಳೆ ವಿಚಾರಿಸಿ, ಕೊನೆಗೆ, "ಎಲ್ಲರ ಕಣ್ಣು ಬೆಳ್ಳಗಿದ್ಯಾ?" ಅನ್ನುತ್ತಿದ್ದೆ. ಈ ಕಡೆಯವರು ಕ್ಷೇಮ ಕೇಳುವ ರೀತಿಯೇ ಇದು ಅಂದುಕೊಂಡು ಅವರೂ, "ಬೆಳ್ಳಗಿದೆ ಕಣವ್ವ, ನಿಮ್ದು?" ಅಂತ ಕೇಳುವುದನ್ನು ರೂಢಿ ಮಾಡಿಕೊಂಡರು. ಕಾಯಬೇಕಾದಷ್ಟು ಕಾಲವೂ ಕಳೆಯಿತು. ಅಲ್ಲಾಗಲಿ ನಮ್ಮೂರಲ್ಲಾಗಲಿ ಒಬ್ಬರ ಕಣ್ಣೂ ಹಳದಿಯಾಗಲಿಲ್ಲ.

ಮೊನ್ನೆ ದೊಡ್ಡಮ್ಮನದೇ ಫೋನು. ಅವರ ಮನೆಯಲ್ಲೂ ಮದುವೆಯಂತೆ. ಆ ನೀರಿನ ಶಾಸ್ತ್ರ ಮಾಡಿಸಬೇಕು, ಪೆಟ್ಟಿಗೆ ತಗೊಂಡು ಬರಬೇಕು ಅಂದರು. ಓರಗಿತ್ತಿ ನನ್ನನ್ನು ಹೊರಡಿಸಿದಳು, ಪೆಟ್ಟಿಗೆಗೆ ಜರಿ ಅಂಚಿನ ಬಟ್ಟೆ ಸುತ್ತಿ ಕೊಟ್ಟಳು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸುವಾಗ ಯಾರೋ ಅದನ್ನು ದೇವರು ಅಂದುಕೊಂಡು ಸೀಟು ಬಿಟ್ಟುಕೊಟ್ಟರು.

ಅಲ್ಲಿ ಚಪ್ಪರದ ಕೆಳಗೆ ಮಣೆ, ರಂಗೋಲಿ, ಎಲೆ ಅಡಿಕೆ, ಎಲ್ಲ ಸಿದ್ಧ. ಅವರ ನಲ್ಲಿಯ ನೀರನ್ನು ಹಿಡಿದು ಹನಿ ಬಿಟ್ಟೆ. ಕಾದೆ. ಬಣ್ಣ ಬರಲಿಲ್ಲ. ಸೇರಿದ್ದವರೆಲ್ಲ ನನ್ನ ಮುಖ ನೋಡಿದರು. ದೊಡ್ಡಮ್ಮ ನಗುತ್ತಾ ಅರಿಶಿನದ ಬಟ್ಟಲಿಗೆ ಕೈ ಹಾಕಿದರು. ನಾನು ಅವರ ಕೈ ಹಿಡಿದುಕೊಂಡೆ.

"ತಡೀರಿ ದೊಡ್ಡಮ್ಮ. ಅರಿಶ್ನ ಆಮೇಲೆ. ಈ ಶಾಸ್ತ್ರಕ್ಕೆ ಮೊದ್ಲು ನಿಮ್ಮೂರ ನೀರುಗಂಟಿ ಬಂದು ಕೂರ್ಬೇಕು. ಬರುವಾಗ ಬಕೆಟ್ಟು, ಪೌಡರು ತರೋಕೆ ಏಳಿ."

"ಅವ್ನಿಗೂ ಎಲೆ ಅಡಿಕೆ ಕೊಡ್ಬೇಕಾ?"

"ಊಂ," ಅಂದೆ. "ಅವ್ನಿಗೇ ಮೊದ್ಲು."